ಕುಕಿ ಹೋಗುತ್ತದೆ ಎಂದರು, ಹೋಗಲಿಲ್ಲ: ಕ್ರೋಮ್ ಬಳಸುವವರು ಈಗ ಏನು ಮಾಡಬೇಕು?

2020ರ ಜನವರಿಯಲ್ಲಿ ಗೂಗಲ್ ಒಂದು ಮಾತು ಕೊಟ್ಟಿತು. ಎರಡು ವರ್ಷದೊಳಗೆ ಕ್ರೋಮ್ ಬ್ರೌಸರ್‌ನಿಂದ ಥರ್ಡ್ ಪಾರ್ಟಿ ಕುಕಿಗಳನ್ನು, ಅಂದರೆ ನೀವು ತೆರೆದ ಸೈಟ್ ಅಲ್ಲದೆ ಜಾಹೀರಾತು ಕಂಪನಿಯಂಥ ಬೇರೆಯವರು ಬ್ರೌಸರ್‌ನಲ್ಲಿ ಇಡುವ ಚಿಕ್ಕ ಗುರುತುಗಳನ್ನು, ತೆಗೆದುಹಾಕುತ್ತೇವೆ ಎಂದಿತು. ಆಮೇಲೆ ಗಡುವು 2023ಕ್ಕೆ ಹೋಯಿತು, ಅಲ್ಲಿಂದ 2024ಕ್ಕೆ, ಮತ್ತೆ 2025ಕ್ಕೆ. 2024ರ ಜುಲೈನಲ್ಲಿ ಮಾತು ಬದಲಾಯಿತು: ನಾವಾಗಿ ತೆಗೆಯುವುದಿಲ್ಲ, ಬಳಸುವವರನ್ನೇ ಕೇಳುತ್ತೇವೆ. 2025ರ ಏಪ್ರಿಲ್‌ನಲ್ಲಿ ಆ ಕೇಳುವ ಯೋಚನೆಯನ್ನೂ ಕೈಬಿಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಕುಕಿಗೆ ಬದಲಿಯಾಗಿ ಕಟ್ಟುತ್ತಿದ್ದ 'ಪ್ರೈವಸಿ ಸ್ಯಾಂಡ್‌ಬಾಕ್ಸ್' ಯೋಜನೆಯ ಬಹುಪಾಲನ್ನೂ ನಿಲ್ಲಿಸಿದರು.

ಇದರ ಮಧ್ಯೆ 2025ರ ನವೆಂಬರ್‌ನಲ್ಲಿ ಭಾರತದ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ನಿಯಮಗಳು ಪ್ರಕಟವಾದವು. ಅದೇ ತಿಂಗಳು ಯುರೋಪಿನಲ್ಲಿ, ಸೈಟ್ ತೆರೆದ ಕೂಡಲೇ ಕುಕಿಗೆ ಒಪ್ಪಿಗೆ ಕೇಳುವ ಪಾಪ್‌ಅಪ್‌ಗಳನ್ನು ಕಡಿಮೆ ಮಾಡುವ ಪ್ರಸ್ತಾಪ ಬಂತು. ಇಷ್ಟು ಸುದ್ದಿ ಒಟ್ಟೊಟ್ಟಿಗೆ ಬಂದಾಗ ಓದುಗರಿಗೆ ಗೊಂದಲ ಆಗುವುದು ಸಹಜ. ಕುಕಿ ಹೋಯಿತಾ, ಉಳಿಯಿತಾ? ಪಾಪ್‌ಅಪ್‌ನಲ್ಲಿ 'ಅಕ್ಸೆಪ್ಟ್' ಒತ್ತಿದರೆ ನಿಜಕ್ಕೂ ಏನಾಗುತ್ತದೆ?

ಮೊದಲ ಪ್ರಶ್ನೆಗೆ ಉತ್ತರ ಸರಳ. ಕ್ರೋಮ್‌ನಲ್ಲಿ ಕುಕಿ ಮೊದಲಿನಂತೆಯೇ ಇದೆ. ನೀವಾಗಿ ಸೆಟ್ಟಿಂಗ್ ಬದಲಿಸದಿದ್ದರೆ ಥರ್ಡ್ ಪಾರ್ಟಿ ಕುಕಿಗಳೂ ಸಾಮಾನ್ಯ ವಿಂಡೋದಲ್ಲಿ ಎಂದಿನಂತೆ ಕೆಲಸ ಮಾಡುತ್ತವೆ. ಎರಡನೇ ಪ್ರಶ್ನೆಗೆ ಉತ್ತರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ವೆಬ್‌ಸೈಟ್‌ಗೆ ನೆನಪು ಬಂದದ್ದು ಹೇಗೆ

ವೆಬ್ ಕೆಲಸ ಮಾಡುವ ರೀತಿಯಲ್ಲಿ ನೆನಪು ಎಂಬುದೇ ಇಲ್ಲ. ನೀವು ಒಂದು ಪುಟ ಕೇಳುತ್ತೀರಿ, ಸರ್ವರ್ (ಸೈಟ್ ಇರುವ ಆಚೆ ಕಡೆಯ ಕಂಪ್ಯೂಟರ್) ಕೊಡುತ್ತದೆ, ಅಲ್ಲಿಗೆ ಸಂಬಂಧ ಮುಗಿಯಿತು. ಮುಂದಿನ ಪುಟ ಕೇಳಿದಾಗ ಸರ್ವರ್‌ಗೆ ನೀವು ಮತ್ತೆ ಹೊಸಬರು. ಬರೀ ಓದುವುದಕ್ಕೆ ಇದು ಸಾಕು. ಆದರೆ ಅಂಗಡಿ ನಡೆಸಲು ಸಾಲದು. ಬುಟ್ಟಿಗೆ ಹಾಕಿದ ವಸ್ತು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮಾಯವಾದರೆ ವ್ಯಾಪಾರ ಹೇಗೆ?

1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮಾಂಟುಲಿ ಇದಕ್ಕೆ ದಾರಿ ಹುಡುಕಿದರು. ಸರ್ವರ್ ಒಂದು ಚಿಕ್ಕ ಗುರುತನ್ನು ಬರೆದು ಬ್ರೌಸರ್‌ಗೆ ಕೊಡುತ್ತದೆ. ಬ್ರೌಸರ್ ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ಸೈಟ್‌ಗೆ ಹೋದಾಗ ಆ ಗುರುತನ್ನು ಜೊತೆಗೆ ಕಳಿಸುತ್ತದೆ. ಅದೇ ಕುಕಿ.

ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದ ಹಾಗೆ ಇದು. ಟೋಕನ್ ಮೇಲೆ ನಿಮ್ಮ ಹೆಸರಿಲ್ಲ, ಊರಿಲ್ಲ, ಬರೀ ನಂಬರ್ ಇದೆ. ಆದರೆ ಆ ನಂಬರ್ ತೋರಿಸಿದ ಕೂಡಲೇ ನಿಮ್ಮ ಚಪ್ಪಲಿ ಯಾವ ಗೂಡಿನಲ್ಲಿದೆ ಎಂದು ಸ್ಟ್ಯಾಂಡಿನವರಿಗೆ ಗೊತ್ತಾಗುತ್ತದೆ. ಕುಕಿಯಲ್ಲೂ ಸಾಮಾನ್ಯವಾಗಿ ಇರುವುದು ಇಂಥ ಒಂದು ಉದ್ದದ ನಂಬರ್ ಮಾತ್ರ. ನಿಮ್ಮ ಬಗ್ಗೆ ಇರುವ ಮಾಹಿತಿಯ ರಾಶಿ ಇರುವುದು ಸರ್ವರ್ ಕಡೆ.

ಇದರಿಂದ ಎರಡು ತಪ್ಪು ತಿಳಿವಳಿಕೆ ದೂರವಾಗಬೇಕು. ಕುಕಿ ವೈರಸ್ ಅಲ್ಲ. ಅದು ಸುಮಾರು 4 ಕೆಬಿ ಮೀರದ ಅಕ್ಷರಗಳ ತುಣುಕು. ತಾನಾಗಿ ಏನನ್ನೂ ಮಾಡುವುದಿಲ್ಲ, ನಿಮ್ಮ ಫೋಟೋ, ಫೈಲ್ ಓದುವುದಿಲ್ಲ. ಇನ್ನೊಂದು, ಒಂದು ಸೈಟ್ ಇಟ್ಟ ಕುಕಿಯನ್ನು ಬೇರೊಂದು ಸೈಟ್ ನೇರವಾಗಿ ಓದಲಾಗದು. ಯಾರು ಇಟ್ಟರೋ ಅವರಿಗೇ ಬ್ರೌಸರ್ ವಾಪಸ್ ಕಳಿಸುತ್ತದೆ.

ಮಾಂಟುಲಿ ಮುಂದೆ ಇನ್ನೂ ಸುಲಭದ ದಾರಿ ಇತ್ತು. ಪ್ರತಿ ಬ್ರೌಸರ್‌ಗೂ ಒಂದು ಕಾಯಂ ನಂಬರ್ ಕೊಟ್ಟುಬಿಡುವುದು. ಹಾಗೆ ಮಾಡಿದರೆ ಎಲ್ಲ ಸೈಟ್‌ಗಳೂ ಸೇರಿ ಒಬ್ಬನ ಜಾಡು ಹಿಡಿಯಬಹುದು ಎಂಬ ಕಾರಣಕ್ಕೇ ಅದನ್ನು ಬಿಟ್ಟು, ಸೈಟ್‌ಗೊಂದು ಬೇರೆ ಗುರುತು ಇರುವಂತೆ ಕುಕಿಯನ್ನು ರೂಪಿಸಿದರು. ಮುಂದೆ ಆದದ್ದನ್ನು ನೋಡಿದರೆ ಈ ವಿವರ ಬಹಳ ಮುಖ್ಯ.

ಮೂರನೆಯವರು ಬಂದದ್ದು ಎಲ್ಲಿಂದ

ಒಂದು ಸುದ್ದಿ ಸೈಟ್ ತೆರೆದಿರಿ ಎಂದುಕೊಳ್ಳಿ. ಪುಟದಲ್ಲಿರುವ ಎಲ್ಲವೂ ಆ ಸೈಟ್‌ನದ್ದೇ ಆಗಿರುವುದಿಲ್ಲ. ಬಲಗಡೆಯ ಜಾಹೀರಾತು ಬೇರೆ ಕಂಪನಿಯ ಸರ್ವರ್‌ನಿಂದ ಬರುತ್ತದೆ. ಕೆಳಗಿನ ವಿಡಿಯೋ ಮತ್ತೊಂದರಿಂದ, ಶೇರ್ ಬಟನ್ ಇನ್ನೊಂದರಿಂದ. ಇವನ್ನೆಲ್ಲ ತರಿಸಲು ಬ್ರೌಸರ್ ಆಯಾ ಸರ್ವರ್‌ಗಳನ್ನು ಕೇಳಬೇಕು. ಕೇಳಿದಾಗ ಅವೂ ತಮ್ಮ ತಮ್ಮ ಕುಕಿ ಇಡುತ್ತವೆ. ನೀವು ಹೋದ ಸೈಟ್ ಇಟ್ಟದ್ದು ಫಸ್ಟ್ ಪಾರ್ಟಿ ಕುಕಿ. ಹೀಗೆ ಪಕ್ಕದಿಂದ ಬಂದವರು ಇಟ್ಟದ್ದು ಥರ್ಡ್ ಪಾರ್ಟಿ ಕುಕಿ.

ಒಂದೇ ಸೈಟ್‌ನಲ್ಲಿ ಇದರಿಂದ ಹೆಚ್ಚು ತೊಂದರೆ ಇಲ್ಲ. ಆದರೆ ಅದೇ ಜಾಹೀರಾತು ಕಂಪನಿ ಸಾವಿರಾರು ಸೈಟ್‌ಗಳಲ್ಲಿ ಇರುತ್ತದೆ. ಬೆಳಿಗ್ಗೆ ನೀವು ಸುದ್ದಿ ಓದಿದಾಗ, ಮಧ್ಯಾಹ್ನ ಸೀರೆ ನೋಡಿದಾಗ, ರಾತ್ರಿ ಥೈರಾಯ್ಡ್ ಬಗ್ಗೆ ಹುಡುಕಿದಾಗ, ಮೂರೂ ಕಡೆ ಬ್ರೌಸರ್ ಆ ಕಂಪನಿಗೆ ಅದೇ ನಂಬರ್ ಕಳಿಸುತ್ತದೆ. ಯಾವ ಪುಟದಿಂದ ಕೇಳಿಕೆ ಬಂತು ಎಂಬ ಸುಳಿವೂ ಜೊತೆಗೆ ಹೋಗುತ್ತದೆ. ಕುಕಿಯ ನಿಯಮ ಎಲ್ಲೂ ಮುರಿದಿಲ್ಲ. ಆದರೂ ಮಾಂಟುಲಿ ಯಾವುದನ್ನು ತಪ್ಪಿಸಲು ಹೊರಟಿದ್ದರೋ ಅದೇ ನಡೆದುಹೋಯಿತು.

ಸೀರೆಯ ಜಾಹೀರಾತು ವಾರಗಟ್ಟಲೆ ಬೆನ್ನು ಹತ್ತುವುದು ಕಿರಿಕಿರಿ ಅಷ್ಟೇ. ಚಿಂತೆ ಇರುವುದು ಕಾಯಿಲೆ, ಸಾಲ, ಗರ್ಭಧಾರಣೆ, ಧರ್ಮ, ರಾಜಕೀಯದ ಓದು ಒಂದೇ ನಂಬರ್‌ನಡಿ ಜಮೆಯಾಗುವುದರಲ್ಲಿ. ಆ ನಂಬರ್‌ಗೆ ಒಂದು ಇಮೇಲ್ ಅಂಟಿಕೊಂಡರೆ ಸಾಕು, ಅನಾಮಿಕ ಪಟ್ಟಿ ಒಬ್ಬ ವ್ಯಕ್ತಿಯ ಪಟ್ಟಿಯಾಗುತ್ತದೆ.

ಈ ಅಪಾಯ ತಡವಾಗಿ ಗೊತ್ತಾದದ್ದಲ್ಲ. 1997ರ ಫೆಬ್ರವರಿಯಲ್ಲಿ ಕುಕಿಗಳಿಗೆ ಮೊದಲ ತಾಂತ್ರಿಕ ಮಾನದಂಡ ಬಂದಾಗಲೇ, ಥರ್ಡ್ ಪಾರ್ಟಿ ಕುಕಿಗಳನ್ನು ಬ್ರೌಸರ್ ಬಿಡಬಾರದು, ಬಿಟ್ಟರೂ ಮೊದಲಿಗೆ ಬಂದ್ ಇರಬೇಕು ಎಂದು ಹೇಳಲಾಗಿತ್ತು. ಆಗಿನ ದೊಡ್ಡ ಬ್ರೌಸರ್‌ಗಳಾದ ನೆಟ್‌ಸ್ಕೇಪ್, ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಎರಡೂ ಅದನ್ನು ಪಾಲಿಸಲಿಲ್ಲ. ಅಷ್ಟರಲ್ಲಿ ಜಾಹೀರಾತು ಕಂಪನಿಗಳು ಇದರ ಮೇಲೆಯೇ ವ್ಯಾಪಾರ ಕಟ್ಟಲು ಶುರು ಮಾಡಿದ್ದವು. ಅವುಗಳಲ್ಲಿ ದೊಡ್ಡದಾದ ಡಬಲ್‌ಕ್ಲಿಕ್ ಅನ್ನು ಗೂಗಲ್ 2008ರಲ್ಲಿ 310 ಕೋಟಿ ಡಾಲರ್‌ಗೆ ತನ್ನದಾಗಿಸಿಕೊಂಡಿತು.

ಗೂಗಲ್ ಹಿಂದೆ ಸರಿದದ್ದೇಕೆ

ಆಪಲ್‌ನ ಸಫಾರಿ 2017ರಿಂದಲೇ ಜಾಡು ಹಿಡಿಯುವ ಕುಕಿಗಳಿಗೆ ಕಡಿವಾಣ ಹಾಕುತ್ತಾ ಬಂದು, 2020ರ ಮಾರ್ಚ್‌ನಲ್ಲಿ ಥರ್ಡ್ ಪಾರ್ಟಿ ಕುಕಿಗಳನ್ನು ಪೂರ್ತಿ ತಡೆಯಿತು. ಫೈರ್‌ಫಾಕ್ಸ್ 2019ರಲ್ಲಿ ಗೊತ್ತಿರುವ ಟ್ರ್ಯಾಕರ್‌ಗಳನ್ನು ತಡೆಯಿತು. 2022ರಿಂದ ಪ್ರತಿ ಸೈಟ್‌ನ ಕುಕಿಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡತೊಡಗಿತು. ಅವರಿಗೆ ಸಾಧ್ಯವಾದದ್ದು ಕ್ರೋಮ್‌ಗೆ ಏಕೆ ಆಗಲಿಲ್ಲ?

ಆಪಲ್ ಮುಖ್ಯವಾಗಿ ಫೋನ್ ಮಾರುತ್ತದೆ. ಗೂಗಲ್‌ನ ಆದಾಯದ ಬಹುಪಾಲು ಜಾಹೀರಾತಿನದ್ದು. ಬ್ರೌಸರ್ ಅವರದ್ದೇ, ಜಾಹೀರಾತು ಹರಾಜು ಹಾಕುವ ಯಂತ್ರವೂ ಅವರದ್ದೇ. ಹೀಗಿರುವಾಗ ಕುಕಿ ನಿಲ್ಲಿಸಿದರೆ ಯಾರಿಗೆ ಪೆಟ್ಟು? ಗೂಗಲ್‌ಗೆ ಸರ್ಚ್ ಇದೆ, ಯೂಟ್ಯೂಬ್ ಇದೆ, ಜಿಮೇಲ್ ಇದೆ. ಜನ ಲಾಗಿನ್ ಆಗಿಯೇ ಇರುತ್ತಾರೆ. ಥರ್ಡ್ ಪಾರ್ಟಿ ಕುಕಿ ಇಲ್ಲದಿದ್ದರೂ ಅದಕ್ಕೆ ಬಳಸುವವರ ಬಗ್ಗೆ ಸಾಕಷ್ಟು ಗೊತ್ತಿರುತ್ತದೆ. ಗೊತ್ತಿಲ್ಲದೆ ಕೂರುವವರು ಸಣ್ಣ ಜಾಹೀರಾತು ಕಂಪನಿಗಳು ಮತ್ತು ಸುದ್ದಿ ಸೈಟ್‌ಗಳು.

ಈ ವಾದವನ್ನು ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕ ಸಂಸ್ಥೆ ಗಂಭೀರವಾಗಿ ತೆಗೆದುಕೊಂಡಿತು. ಪೈಪೋಟಿಗೆ ಧಕ್ಕೆ ಆಗದಂತೆ ನಡೆದುಕೊಳ್ಳುತ್ತೇವೆ ಎಂದು 2022ರ ಫೆಬ್ರವರಿಯಲ್ಲಿ ಗೂಗಲ್‌ನಿಂದ ಕಾನೂನುಬದ್ಧ ಭರವಸೆ ಪಡೆಯಿತು. ಅಮೆರಿಕದಲ್ಲಿ 2025ರ ಏಪ್ರಿಲ್ 17ರಂದು ಫೆಡರಲ್ ನ್ಯಾಯಾಲಯವೊಂದು, ಜಾಹೀರಾತು ತಂತ್ರಜ್ಞಾನದ ಎರಡು ಮಾರುಕಟ್ಟೆಗಳಲ್ಲಿ ಗೂಗಲ್ ಅಕ್ರಮ ಏಕಸ್ವಾಮ್ಯ ನಡೆಸಿದೆ ಎಂದು ತೀರ್ಪು ಕೊಟ್ಟಿತು. ಕುಕಿ ಬಗ್ಗೆ ಕೇಳುವುದೂ ಇಲ್ಲ ಎಂಬ ಗೂಗಲ್‌ನ ಪ್ರಕಟಣೆ ಬಂದದ್ದು ಅದಾಗಿ ಐದು ದಿನಕ್ಕೆ. ಒಂದರಿಂದಲೇ ಇನ್ನೊಂದು ಆಯಿತು ಎನ್ನಲಾಗದು. ಆದರೆ ಇಂಥ ಹೊತ್ತಿನಲ್ಲಿ ಜಾಹೀರಾತು ಮಾರುಕಟ್ಟೆಯನ್ನು ಅಲುಗಾಡಿಸುವ ಹೆಜ್ಜೆ ಇಡುವುದು ಆ ಕಂಪನಿಗೆ ಕಷ್ಟವಿತ್ತು.

ಇನ್ನೊಂದು ಕಡೆ ಖಾಸಗಿತನದ ಪರ ಇರುವವರಿಗೆ ಗೂಗಲ್‌ನ ಬದಲಿ ದಾರಿಯೂ ಹಿಡಿಸಲಿಲ್ಲ. 'ಫ್ಲಾಕ್' ಎಂಬ ಮೊದಲ ಪ್ರಯೋಗದಲ್ಲಿ ಬ್ರೌಸರ್ ತಾನೇ ನಿಮ್ಮ ಓದಿನ ಜಾಡು ನೋಡಿ ನಿಮ್ಮನ್ನು ಒಂದು ಗುಂಪಿಗೆ ಸೇರಿಸುತ್ತಿತ್ತು. 2021ರ ಮಾರ್ಚ್‌ನಲ್ಲಿ ಶುರುವಾದ ಈ ಪ್ರಯೋಗಕ್ಕೆ ಆಯ್ದ ದೇಶಗಳಲ್ಲಿ ಭಾರತವೂ ಇತ್ತು. ಪ್ರಯೋಗಕ್ಕೆ ಒಳಪಟ್ಟವರನ್ನು ಒಬ್ಬೊಬ್ಬರಾಗಿ ಕೇಳಿರಲಿಲ್ಲ. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಅಮೆರಿಕದ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಇದನ್ನು ಬಲವಾಗಿ ವಿರೋಧಿಸಿತು. 2022ರ ಜನವರಿಯಲ್ಲಿ ಅದನ್ನು ಬಿಟ್ಟು 'ಟಾಪಿಕ್ಸ್' ಎಂಬ ಇನ್ನೊಂದನ್ನು ತಂದರು. ಈಗ ಅದೂ ಇಲ್ಲ.

ಸುದ್ದಿ ಸೈಟ್‌ಗಳ ಅಳಲನ್ನೂ ಸುಮ್ಮನೆ ತಳ್ಳಿಹಾಕಬಾರದು. ಕನ್ನಡದಲ್ಲಿ ದುಡ್ಡು ಕೊಟ್ಟು ಆನ್‌ಲೈನ್‌ನಲ್ಲಿ ಓದುವ ರೂಢಿ ಇನ್ನೂ ಬೆಳೆದಿಲ್ಲ. ಸಣ್ಣ ಸೈಟ್‌ಗಳು ಜಾಹೀರಾತಿನಿಂದಲೇ ನಡೆಯಬೇಕು. ಓದುಗ ಯಾರೆಂದು ಗೊತ್ತಿಲ್ಲದ ಜಾಗಕ್ಕೆ ಜಾಹೀರಾತುದಾರರು ಕಡಿಮೆ ದುಡ್ಡು ಕೊಡುತ್ತಾರೆ. ಇದು ನಿಜವಾದ ನಷ್ಟ. ಆದರೆ ಓದುತ್ತಿರುವ ವಿಷಯಕ್ಕೆ ತಕ್ಕ ಜಾಹೀರಾತು ಹಾಕುವ ಹಳೆಯ ದಾರಿ ಇದ್ದೇ ಇದೆ. ಅಡಕೆ ಬೆಲೆಯ ಸುದ್ದಿ ಪಕ್ಕ ಸ್ಪ್ರೇಯರ್ ಜಾಹೀರಾತು ಹಾಕಲು ಓದುವವನ ಆರೋಗ್ಯದ ಹುಡುಕಾಟ ಗೊತ್ತಿರಬೇಕಿಲ್ಲ.

ಪಾಪ್‌ಅಪ್ ಎಂಬ ತಪ್ಪು ಜಾಗ

ಯುರೋಪಿನಲ್ಲಿ 2002ರ ಇ-ಪ್ರೈವಸಿ ನಿರ್ದೇಶನಕ್ಕೆ 2009ರಲ್ಲಿ ತಿದ್ದುಪಡಿ ಆಯಿತು. ತೀರಾ ಅಗತ್ಯವಲ್ಲದ ಕುಕಿ ಇಡಲು ಮೊದಲೇ ಒಪ್ಪಿಗೆ ಬೇಕು ಎಂದಾಯಿತು. 2018ರ ಮೇ ತಿಂಗಳಲ್ಲಿ ಅಲ್ಲಿನ ಡೇಟಾ ಸಂರಕ್ಷಣಾ ಕಾನೂನು ಜಿಡಿಪಿಆರ್ ಜಾರಿಗೆ ಬಂದು ಒಪ್ಪಿಗೆ ಎಂದರೇನು ಎಂಬುದನ್ನು ಬಿಗಿ ಮಾಡಿತು. ಮೊದಲೇ ಟಿಕ್ ಹಾಕಿಟ್ಟ ಡಬ್ಬಿ ಒಪ್ಪಿಗೆ ಆಗುವುದಿಲ್ಲ ಎಂದು 2019ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. ಅದರ ಫಲ ಇವತ್ತಿನ ಪಾಪ್‌ಅಪ್. ಭಾರತದ ಅನೇಕ ಸೈಟ್‌ಗಳಲ್ಲಿ ಕಾಣುವುದೂ ಹೆಚ್ಚಾಗಿ ಅದರ ನಕಲು. ಇದುವರೆಗೆ ನಮ್ಮಲ್ಲಿ ಜಾರಿಯಲ್ಲಿರುವ ನಿಯಮಗಳಲ್ಲಿ ಕುಕಿಗೆಂದೇ ಒಪ್ಪಿಗೆ ಕೇಳಬೇಕು ಎಂಬ ಕಡ್ಡಾಯ ಇರಲಿಲ್ಲ.

ಪಾಪ್‌ಅಪ್‌ನ ತೊಂದರೆ ಏನೆಂದರೆ, ಪ್ರಶ್ನೆ ಕೇಳುವವರಿಗೆ ಒಂದೇ ಉತ್ತರ ಬೇಕಾಗಿರುತ್ತದೆ. ಅದಕ್ಕೇ 'ಅಕ್ಸೆಪ್ಟ್ ಆಲ್' ದೊಡ್ಡದಾಗಿ, ಬಣ್ಣದಲ್ಲಿ ಇರುತ್ತದೆ. ಅದನ್ನು ಒತ್ತಿದರೆ ಜಾಡು ಹಿಡಿಯುವ ಕುಕಿಗಳಿಗೂ ಒಪ್ಪಿಗೆ ಕೊಟ್ಟಂತೆ. 'ಬೇಡ' ಎನ್ನಲು ಎರಡು ಮೂರು ಪುಟ ದಾಟಬೇಕು. ಫ್ರಾನ್ಸಿನ ನಿಯಂತ್ರಕ ಸಂಸ್ಥೆ ಸಿಎನ್ಐಎಲ್, ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಬಿಡಲಿಲ್ಲ ಎಂದು 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯುರೋ, ಫೇಸ್‌ಬುಕ್‌ಗೆ 6 ಕೋಟಿ ಯುರೋ ದಂಡ ಪ್ರಕಟಿಸಿತು. ದಂಡ ಬಿದ್ದರೂ ಓದುಗರ ಸುಸ್ತು ಕಡಿಮೆಯಾಗಲಿಲ್ಲ. ದಿನಕ್ಕೆ ಹತ್ತಾರು ಸಲ ಅದೇ ಪ್ರಶ್ನೆ ಕೇಳಿದರೆ ಯಾರೂ ಓದಿ ಉತ್ತರಿಸುವುದಿಲ್ಲ ಅಲ್ವಾ?

ಹಾಗಾಗಿ ಕುಕಿಯ ವಿಷಯದಲ್ಲಿ ನಿಜವಾದ ತೀರ್ಮಾನ ಆಗುವುದು ಪಾಪ್‌ಅಪ್‌ನಲ್ಲಿ ಅಲ್ಲ, ಬ್ರೌಸರ್ ಕೈಗೆ ಬಂದಾಗ ಯಾವ ಸೆಟ್ಟಿಂಗ್ ಇರುತ್ತದೋ ಅದರಲ್ಲಿ. ಬಹುತೇಕರು ಅದನ್ನು ಮುಟ್ಟುವುದೇ ಇಲ್ಲ. 1997ರಲ್ಲಿ ಮಾನದಂಡ ಕೇಳಿದ್ದೂ ಇದನ್ನೇ. ಸಫಾರಿ ಬಳಸುವವರಿಗೆ ಏನೂ ಮಾಡದೆ ಸಿಗುವ ರಕ್ಷಣೆ ಕ್ರೋಮ್ ಬಳಸುವವರಿಗೆ ಹುಡುಕಿಕೊಂಡು ಹೋದರೆ ಮಾತ್ರ ಸಿಗುತ್ತದೆ. ಭಾರತದಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್, ಅದರಲ್ಲಿ ಕ್ರೋಮ್ ಮೊದಲೇ ಕೂತಿರುತ್ತದೆ. ಅಂದರೆ ಗೂಗಲ್‌ನ ಮಾತು ಬದಲಾವಣೆಯ ಪರಿಣಾಮ ನಮ್ಮವರ ಮೇಲೆಯೇ ಜಾಸ್ತಿ.

ಯಾವ ಗುಂಡಿ ಎಲ್ಲಿದೆ

ಕ್ರೋಮ್‌ನಲ್ಲಿ ಮೂರು ಚುಕ್ಕೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಕಂಪ್ಯೂಟರ್‌ನಲ್ಲಿ 'ಪ್ರೈವಸಿ ಅಂಡ್ ಸೆಕ್ಯುರಿಟಿ' ಒಳಗೆ, ಆಂಡ್ರಾಯ್ಡ್‌ನಲ್ಲಿ 'ಸೈಟ್ ಸೆಟ್ಟಿಂಗ್ಸ್' ಒಳಗೆ 'ಥರ್ಡ್ ಪಾರ್ಟಿ ಕುಕೀಸ್' ಎಂದಿರುತ್ತದೆ. ಅಲ್ಲಿ 'ಬ್ಲಾಕ್' ಆರಿಸಿ. ಆವೃತ್ತಿ ಬದಲಾದಾಗ ಜಾಗ ಸ್ವಲ್ಪ ಆಚೀಚೆ ಆಗಬಹುದು. ಸಿಗದಿದ್ದರೆ ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್ ಪುಟದ ಹುಡುಕು ಪಟ್ಟಿಯಲ್ಲಿ 'ಕುಕಿ' ಎಂದು ಹಾಕಿದರೆ ಸಾಕು. ಫೈರ್‌ಫಾಕ್ಸ್‌ನಲ್ಲಿ 'ಸ್ಟ್ಯಾಂಡರ್ಡ್' ರಕ್ಷಣೆ ಮೊದಲೇ ಇರುತ್ತದೆ, ಬೇಕಿದ್ದರೆ 'ಸ್ಟ್ರಿಕ್ಟ್' ಮಾಡಬಹುದು. ಐಫೋನ್‌ನ ಸಫಾರಿಯಲ್ಲಿ 'ಪ್ರಿವೆಂಟ್ ಕ್ರಾಸ್-ಸೈಟ್ ಟ್ರ್ಯಾಕಿಂಗ್' ಆನ್ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಎಲ್ಲ ಕುಕಿಗಳನ್ನೂ ನಿಲ್ಲಿಸಲು ಹೋಗಬೇಡಿ. ಆಗ ಬ್ಯಾಂಕ್, ರೈಲ್ವೆ ಟಿಕೆಟ್, ಇಮೇಲ್ ಯಾವುದಕ್ಕೂ ಲಾಗಿನ್ ನಿಲ್ಲುವುದಿಲ್ಲ. ಥರ್ಡ್ ಪಾರ್ಟಿ ಮಾತ್ರ ನಿಲ್ಲಿಸಿದರೆ ಬಹುಪಾಲು ಸೈಟ್‌ಗಳು ಸರಿಯಾಗಿಯೇ ನಡೆಯುತ್ತವೆ. ಒಂದು ಸೈಟ್‌ನ ಅಕೌಂಟ್‌ನಿಂದ ಇನ್ನೊಂದಕ್ಕೆ ಲಾಗಿನ್ ಆಗುವಾಗ, ಅಥವಾ ಪುಟದೊಳಗೆ ಕೂರಿಸಿದ ವಿಡಿಯೋ, ಪೇಮೆಂಟ್ ಚೌಕಟ್ಟಿನಲ್ಲಿ ಕೆಲವೊಮ್ಮೆ ತೊಡಕಾಗಬಹುದು. ಹಾಗಾದರೆ ಆ ಒಂದು ಸೈಟ್‌ಗೆ ಮಾತ್ರ ವಿನಾಯಿತಿ ಕೊಡುವ ಸೌಲಭ್ಯ ಅದೇ ಸೆಟ್ಟಿಂಗ್‌ನಲ್ಲಿದೆ.

ಇಡೀ ಕುಕಿ ರಾಶಿಯನ್ನು ಆಗಾಗ ಅಳಿಸುವವರಿದ್ದಾರೆ. ಅದರಿಂದ ಎಲ್ಲ ಕಡೆ ಲಾಗೌಟ್ ಆಗುತ್ತೀರಿ, 'ಕುಕಿ ಬೇಡ' ಎಂದಿದ್ದ ನಿಮ್ಮ ಉತ್ತರವೂ ಅಳಿಯುತ್ತದೆ. ಏಕೆಂದರೆ ಆ ಉತ್ತರವನ್ನು ನೆನಪಿಡುವುದೂ ಹೆಚ್ಚಾಗಿ ಒಂದು ಕುಕಿಯೇ. ಪಾಪ್‌ಅಪ್ ಮತ್ತೆ ಬರುತ್ತದೆ. ಹಾಗಾಗಿ ಅಳಿಸುವುದಕ್ಕಿಂತ ತಡೆಯುವುದು ಮೇಲು.

ಇನ್‌ಕಾಗ್ನಿಟೋ ಎಂಬ ಖಾಸಗಿ ವಿಂಡೋ ಬಗ್ಗೆಯೂ ಸ್ಪಷ್ಟವಾಗಿರಲಿ. ಕ್ರೋಮ್‌ನ ಆ ವಿಂಡೋದಲ್ಲಿ ಥರ್ಡ್ ಪಾರ್ಟಿ ಕುಕಿ ಮೊದಲೇ ತಡೆದಿರುತ್ತದೆ. ಅಂಥ ಎಲ್ಲ ವಿಂಡೋ ಮುಚ್ಚಿದರೆ ಕುಕಿಗಳು ಅಳಿಯುತ್ತವೆ. ಆದರೆ ನೀವು ಹೋದ ಸೈಟ್‌ಗೆ, ಇಂಟರ್‌ನೆಟ್ ಕೊಡುವ ಕಂಪನಿಗೆ, ಆಫೀಸಿನ ನೆಟ್‌ವರ್ಕ್‌ಗೆ ನೀವು ಕಾಣುತ್ತಲೇ ಇರುತ್ತೀರಿ.

ಫಸ್ಟ್ ಪಾರ್ಟಿ ಕುಕಿಯಲ್ಲೂ ಒಂದು ಅಪಾಯವಿದೆ, ಅದರ ಬಗ್ಗೆ ಮಾತು ಕಡಿಮೆ. ಲಾಗಿನ್ ಆದ ಮೇಲೆ ಸೈಟ್ ಕೊಡುವ ಕುಕಿಯೇ ನಿಮ್ಮ ಪ್ರವೇಶ ಪತ್ರ. ಕಂಪ್ಯೂಟರ್‌ಗೆ ಹೊಕ್ಕ ಕಳ್ಳ ಸಾಫ್ಟ್‌ವೇರ್ ಅದನ್ನು ಕದ್ದರೆ ಪಾಸ್‌ವರ್ಡ್ ಬೇಡ, ಒಟಿಪಿಯೂ ಬೇಡ, ನೇರ ಒಳಗೆ ಹೋಗಬಹುದು. ಎಷ್ಟೋ ಯೂಟ್ಯೂಬ್ ಚಾನೆಲ್‌ಗಳನ್ನು ಕಳ್ಳರು ಹೀಗೇ ಹಾರಿಸಿದ್ದಾರೆ. ಸೈಬರ್ ಸೆಂಟರ್‌ನಲ್ಲಿ ಸೇವಾ ಸಿಂಧು ಅರ್ಜಿ ಹಾಕಿದವರು, ಬೇರೆಯವರ ಕಂಪ್ಯೂಟರ್‌ನಲ್ಲಿ ಮೇಲ್ ನೋಡಿದವರು ಬರೀ ವಿಂಡೋ ಮುಚ್ಚಿ ಬರಬಾರದು. ಲಾಗೌಟ್ ಒತ್ತಬೇಕು. ಆಗ ಸಾಮಾನ್ಯವಾಗಿ ಸರ್ವರ್ ಆ ಪತ್ರವನ್ನು ರದ್ದು ಮಾಡುತ್ತದೆ.

ಕುಕಿ ತಡೆದರೂ ನಿಲ್ಲದ್ದು

ಆ್ಯಪ್‌ಗಳಲ್ಲಿ ಜಾಡು ಹಿಡಿಯಲು ಕುಕಿಯೇ ಬೇಕಿಲ್ಲ. ಆಂಡ್ರಾಯ್ಡ್ ಫೋನ್‌ಗೆ ಒಂದು ಅಡ್ವರ್ಟೈಸಿಂಗ್ ಐಡಿ ಇರುತ್ತದೆ. ಬೇರೆ ಬೇರೆ ಆ್ಯಪ್‌ಗಳು ಅದನ್ನೇ ಓದುತ್ತವೆ. ಮಾಂಟುಲಿ 1994ರಲ್ಲಿ ಬೇಡವೆಂದ ಕಾಯಂ ನಂಬರ್‌ಗೆ ಇದು ಬಹಳ ಹತ್ತಿರ. ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಥವಾ ಗೂಗಲ್ ವಿಭಾಗದೊಳಗೆ 'ಆ್ಯಡ್ಸ್' ಎಂಬಲ್ಲಿ ಇದನ್ನು ಅಳಿಸಬಹುದು. ಆಪಲ್ 2021ರಿಂದ ಪ್ರತಿ ಆ್ಯಪ್ ಮೊದಲೇ ಕೇಳಬೇಕೆಂದು ಮಾಡಿದೆ.

ಇನ್ನೊಂದು 'ಫಿಂಗರ್‌ಪ್ರಿಂಟಿಂಗ್'. ಪರದೆಯ ಅಳತೆ, ಫಾಂಟ್, ಭಾಷೆ, ಗ್ರಾಫಿಕ್ಸ್ ಚಿಪ್ ಇವೆಲ್ಲ ಸೇರಿಸಿ ಯಂತ್ರವನ್ನು ಗುರುತಿಸುವ ವಿದ್ಯೆ. ಇದರಲ್ಲಿ ನಿಮ್ಮ ಕಡೆ ಏನೂ ಉಳಿಯುವುದಿಲ್ಲ, ಹಾಗಾಗಿ ಅಳಿಸಲೂ ಆಗದು. ಜಾಹೀರಾತುದಾರರಿಗೆ ಈ ವಿಷಯದಲ್ಲಿದ್ದ ತನ್ನ ನಿಯಮವನ್ನು ಗೂಗಲ್ 2025ರ ಫೆಬ್ರವರಿಯಿಂದ ಸಡಿಲಿಸಿತು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಇದನ್ನು ಬೇಜವಾಬ್ದಾರಿ ನಡೆ ಎಂದು ಕರೆಯಿತು. ಕುಕಿ ಒಂದನ್ನೇ ಮುಚ್ಚಿದರೆ ಜಾಹೀರಾತು ಕಂಪನಿಗಳು ಕಾಣದ ದಾರಿ ಹಿಡಿಯುತ್ತವೆ ಎಂಬ ಆತಂಕಕ್ಕೆ ಆಧಾರವಿದೆ. ಹಾಗೆಂದು ಕುಕಿಯನ್ನು ತೆರೆದಿಡಬೇಕಿಲ್ಲ. ತಂತ್ರ ಯಾವುದೇ ಇರಲಿ, ಜಾಡು ಹಿಡಿಯುವುದಕ್ಕೇ ಒಪ್ಪಿಗೆ ಬೇಕು ಎನ್ನುವ ಕಾನೂನು ಬೇಕು.

ಭಾರತದ ಕಾನೂನು ಏನು ಬದಲಿಸಬಹುದು

ಇಲ್ಲಿ ಕರ್ನಾಟಕದ ಒಂದು ಹೆಸರು ಬರುತ್ತದೆ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಪ್ರಶ್ನಿಸಿ 2012ರಲ್ಲಿ ಹಾಕಿದ ಅರ್ಜಿಯಿಂದ ಬೆಳೆದ ಪ್ರಕರಣದಲ್ಲೇ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದದ್ದು. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಬೇರು ಅಲ್ಲಿದೆ. ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ಅಂಕಿತ ಬಿತ್ತು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಪ್ರಕಟವಾದ ವೇಳಾಪಟ್ಟಿಯಂತೆ ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರುವುದು 18 ತಿಂಗಳ ನಂತರ, ಅಂದರೆ 2027ರ ಮೇ ಹೊತ್ತಿಗೆ.

ಕಾಯ್ದೆಯಲ್ಲಿ ಕುಕಿ ಎಂಬ ಪದ ಇಲ್ಲ. ಹಾಗಾಗಿ ಕುಕಿಯ ನಂಬರ್ 'ವೈಯಕ್ತಿಕ ಡೇಟಾ' ಆಗುತ್ತದೆಯೇ ಎಂಬಲ್ಲಿ ಜಗಳ ಶುರುವಾಗುತ್ತದೆ. ಅದು ಬರೀ ನಂಬರ್, ವ್ಯಕ್ತಿಯ ಹೆಸರಿಲ್ಲ ಎಂಬುದು ಒಂದು ವಾದ. ಆದರೆ ಒಬ್ಬರನ್ನು ಗುರುತಿಸಲು ಸಾಧ್ಯವಾಗಿಸುವ ಅವರ ಕುರಿತ ಯಾವುದೇ ಡೇಟಾ ಎಂದು ಕಾಯ್ದೆ ವಿಶಾಲವಾಗಿ ಹೇಳುತ್ತದೆ. ಒಬ್ಬರನ್ನೇ ಗುರಿಯಿಟ್ಟು ಜಾಹೀರಾತು ತೋರಿಸಲೆಂದೇ ಇಟ್ಟ ನಂಬರ್ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಕುಕಿಯ ನಂಬರ್ ವೈಯಕ್ತಿಕ ಡೇಟಾ ಎಂದೇ ತೀರ್ಮಾನವಾದರೆ ಪರಿಣಾಮ ದೊಡ್ಡದು. ಆಗ ಅದಕ್ಕೆ ಪಡೆಯುವ ಒಪ್ಪಿಗೆ ಮುಕ್ತವಾಗಿ, ನಿರ್ದಿಷ್ಟವಾಗಿ, ಷರತ್ತಿಲ್ಲದೆ ಇರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು. ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ನಿಮ್ಮ ಹಕ್ಕು. 18 ವರ್ಷದೊಳಗಿನವರ ಜಾಡು ಹಿಡಿಯುವುದು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದು, ಕೆಲವು ವಿನಾಯಿತಿ ಬಿಟ್ಟರೆ, ನಿಷಿದ್ಧ. ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಇದರಿಂದ ಮೊದಲಿಗೆ ಪಾಪ್‌ಅಪ್‌ಗಳು ಜಾಸ್ತಿಯೇ ಆಗುತ್ತವೆ. ಯುರೋಪಿನ ಕಾನೂನಿನಲ್ಲಿ ಕಂಪನಿಗಳು 'ನ್ಯಾಯಯುತ ಹಿತಾಸಕ್ತಿ' ಎಂಬ ಕಾರಣ ಹೇಳಿ ಕೆಲವು ಡೇಟಾ ಬಳಸಬಹುದು. ನಮ್ಮ ಕಾಯ್ದೆಯಲ್ಲಿ ಅಷ್ಟು ಅಗಲದ ಬಾಗಿಲಿಲ್ಲ. ಜಾಹೀರಾತಿಗೆ ಉಳಿಯುವ ದಾರಿ ಒಪ್ಪಿಗೆಯೇ. ಪ್ರತಿ ಸೈಟ್ ಬೇರೆ ಬೇರೆ ಕೇಳಿದರೆ ಯುರೋಪಿನ ಸುಸ್ತು ನಮ್ಮಲ್ಲೂ, 22 ಭಾಷೆಗಳಲ್ಲಿ, ಶುರುವಾಗುತ್ತದೆ. ಯುರೋಪ್ ಈಗ ಅದರಿಂದ ಹೊರಬರಲು ನೋಡುತ್ತಿದೆ. ಒಂದೇ ಕ್ಲಿಕ್‌ನಲ್ಲಿ ನಿರಾಕರಿಸಲು ಬಿಡಬೇಕು, ನಿರಾಕರಿಸಿದರೆ ಆರು ತಿಂಗಳು ಮತ್ತೆ ಕೇಳಬಾರದು, ಮುಂದೆ ಬ್ರೌಸರ್ ಸೆಟ್ಟಿಂಗನ್ನೇ ಉತ್ತರವೆಂದು ಸೈಟ್‌ಗಳು ಒಪ್ಪಬೇಕು ಎಂಬುದು ಅಲ್ಲಿನ ಪ್ರಸ್ತಾಪ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, 2027ರ ಜನವರಿಯಿಂದ ಎಲ್ಲ ಬ್ರೌಸರ್‌ಗಳಲ್ಲೂ ಇಂಥ ಒಂದು ಗುಂಡಿ ಇರಬೇಕೆಂದು ಈಗಾಗಲೇ ಕಾನೂನು ಮಾಡಿದೆ.

ಭಾರತದ ನಿಯಮಗಳಲ್ಲಿ ಇದಕ್ಕೆ ಹತ್ತಿರದ ವ್ಯವಸ್ಥೆ 'ಕನ್ಸೆಂಟ್ ಮ್ಯಾನೇಜರ್'. ಎಲ್ಲ ಒಪ್ಪಿಗೆಗಳನ್ನು ಒಂದೇ ಕಡೆ ನೋಡಿ, ಕೊಟ್ಟು, ವಾಪಸ್ ಪಡೆಯಲು ಅನುವು ಮಾಡುವ, ಈ ಕಾಯ್ದೆಯ ಪಾಲನೆ ನೋಡಿಕೊಳ್ಳುವ ಡೇಟಾ ಸಂರಕ್ಷಣಾ ಮಂಡಳಿಯಲ್ಲಿ ನೋಂದಾಯಿತ ಭಾರತೀಯ ಕಂಪನಿಗಳು ಇವು. ನೋಂದಣಿಯ ನಿಯಮ ಜಾರಿಗೆ ಬರುವುದು 2026ರ ನವೆಂಬರ್‌ನಲ್ಲಿ. ಬ್ರೌಸರ್‌ನಲ್ಲಿ ಒಮ್ಮೆ ಹೇಳಿದ 'ಬೇಡ' ಎಂಬ ಉತ್ತರವನ್ನು ಈ ಮ್ಯಾನೇಜರ್‌ಗಳ ಮೂಲಕ ಪ್ರತಿ ಸೈಟ್ ಪಾಲಿಸುವಂತೆ ಮಂಡಳಿ ಮಾಡಿದರೆ ಪಾಪ್‌ಅಪ್‌ಗಳ ಕಾಟ ತಪ್ಪಬಹುದು. ಮಾಡದಿದ್ದರೆ ಮ್ಯಾನೇಜರ್ ಎಂಬುದು ಇನ್ನೊಂದು ಆ್ಯಪ್ ಆಗುತ್ತದೆ, ಸೈಟ್‌ಗಳು ತಮ್ಮ ಪಾಡಿಗೆ ಕೇಳುತ್ತಲೇ ಇರುತ್ತವೆ, ಕ್ರೋಮ್‌ನ ಆ ಸೆಟ್ಟಿಂಗನ್ನು ಪ್ರತಿಯೊಬ್ಬರೂ ತಮ್ಮ ಕೈಯಾರೆ ಬದಲಿಸಿಕೊಳ್ಳಬೇಕಾಗುತ್ತದೆ.